ಕೊಟ್ಟಿಗೆಯ ಲೆಕ್ಕ ಆಸ್ಪತ್ರೆಗೆ ಬರಬೇಕೆ?

ಹೋರಿ ಆರಿಸಲು ತಳಿವಿಜ್ಞಾನಿಗಳು ಅದರ ಇಡೀ ಡಿಎನ್‌ಎ (ಜೀನೋಮ್) ನೋಡಿ ಹಾಕುವ ಜೀನೋಮ್ ಅಂಕದ ಲೆಕ್ಕವನ್ನೇ ಹೃದಯಾಘಾತ, ಸಕ್ಕರೆ ಕಾಯಿಲೆಯಂಥ ರೋಗಗಳ ಅಪಾಯ ಹೇಳಲು ವೈದ್ಯರು ಬಳಸಬಹುದೇ? ಒಬ್ಬರು ಹೌದೆನ್ನುತ್ತಾರೆ, ಇನ್ನೊಬ್ಬರು ಬೇಡವೆನ್ನುತ್ತಾರೆ.

ಪರ: ಲೆಕ್ಕ ಒಂದೇ, ಸ್ಯಾಂಪಲ್ ಬೇರೆ

ಡೇರಿಯಲ್ಲಿ ಎಮ್ಮೆ ಹಾಲಿಗೆ ಫ್ಯಾಟ್ ಜಾಸ್ತಿ ಬರುತ್ತದೆ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುವಿನ ಹಾಲಿಗೆ ಕಡಿಮೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ಇದು ಗೊತ್ತು. ಯಾಕೆ ಹೀಗೆ ಎನ್ನುವುದಕ್ಕೆ ಉತ್ತರದ ಒಂದು ಭಾಗ 2002ರಲ್ಲಿ ಬೆಲ್ಜಿಯಂನ ಲಿಯೇಜ್ ಊರಿನಿಂದ ಬಂತು. ಪಶುವೈದ್ಯಕೀಯ ಓದಿ ತಳಿವಿಜ್ಞಾನಕ್ಕೆ ಬಂದ ಮಿಶೆಲ್ ಜಾರ್ಜ್ ಅವರ ತಂಡ ಹಸುವಿನ 14ನೇ ಕ್ರೋಮೋಸೋಮಿನಲ್ಲಿರುವ ಡಿಜಿಎಟಿ1 ಜೀನ್‌ನೊಳಗೆ ಒಂದು ಬದಲಾವಣೆಯನ್ನು ಹಿಡಿಯಿತು. ಆ ಜೀನ್ ಕಟ್ಟುವ ಪ್ರೋಟೀನಿನ 232ನೇ ಜಾಗದಲ್ಲಿ ಲೈಸಿನ್ ಇದ್ದರೆ ಕೊಬ್ಬು ಏರುತ್ತದೆ, ಹಾಲು ಇಳಿಯುತ್ತದೆ; ಅಲನಿನ್ ಇದ್ದರೆ ತಿರುಗುಮುರುಗು. ನಮ್ಮ ನಾಟಿ ದನ ಮತ್ತು ಎಮ್ಮೆಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಲೈಸಿನ್ ರೂಪವೇ.

ಅದೇ ಜಾರ್ಜ್ ಅವರ ಬಳಗ 2007ರಲ್ಲಿ ಮನುಷ್ಯರ ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಗೆ ಕೈಹಾಕಿತು. ರೋಗಿಗಳನ್ನೂ ರೋಗವಿಲ್ಲದವರನ್ನೂ ಹೋಲಿಸಿದಾಗ ಗುರುತು ಸಿಕ್ಕಿದ್ದು 5ನೇ ಕ್ರೋಮೋಸೋಮಿನ ಒಂದು ಬಟಾಬಯಲಿನಲ್ಲಿ. ಡಿಎನ್‌ಎಯ ಹನ್ನೆರಡೂವರೆ ಲಕ್ಷ ಅಕ್ಷರಗಳಷ್ಟು (ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ) ಉದ್ದಕ್ಕೆ ಅಲ್ಲಿ ಒಂದೂ ಜೀನ್ ಇಲ್ಲ. ಆ ಬಯಲಿನ ಅಕ್ಷರಗಳು ದೂರದ ಪಿಟಿಜಿಇಆರ್4 ಜೀನ್ ಎಷ್ಟು ಕೆಲಸ ಮಾಡಬೇಕೆಂದು ನಿಯಂತ್ರಿಸುತ್ತವೆ ಎಂಬ ಸುಳಿವೂ ಜೊತೆಗೇ ಸಿಕ್ಕಿತು. ದನದಿಂದ ಮನುಷ್ಯನಿಗೆ ಬಂದಾಗ ಅಲ್ಲಿ ಬದಲಾದದ್ದು ಟ್ಯೂಬಿನ ಮೇಲಿನ ಚೀಟಿ ಮಾತ್ರ.

ಡಿಜಿಎಟಿ1ರಷ್ಟು ಎದ್ದು ಕಾಣುವ ಜೀನ್‌ಗಳು ಅಪರೂಪ. ಹಾಲಿನ ಪ್ರಮಾಣ, ಕೆಚ್ಚಲು ಬಾವು, ಗಬ್ಬ ನಿಲ್ಲುವುದು, ಮನುಷ್ಯರಲ್ಲಾದರೆ ಎತ್ತರ, ಬಿಪಿ, ಶುಗರ್, ಇವೆಲ್ಲ ಸಾವಿರಾರು ಜಾಗಗಳ ಚಿಲ್ಲರೆ ಕೂಡಿ ಆದ ಮೊತ್ತ. ದೊಡ್ಡ ನೋಟು ಹುಡುಕುತ್ತ ಕೂತರೆ ಪ್ರಯೋಜನವಿಲ್ಲ, ಚಿಲ್ಲರೆಯನ್ನೇ ಎಣಿಸಬೇಕು. ಎಣಿಸುವುದನ್ನು ಮೊದಲು ಕಲಿತವರು ದನದ ಲೆಕ್ಕದವರು. ಮ್ಯೂವಿಸೆನ್, ಹೇಯ್ಸ್, ಗೊಡ್ಡಾರ್ಡ್ ಎಂಬ ಮೂವರು 2001ರಲ್ಲಿ ಒಂದು ಪ್ರಬಂಧ ಬರೆದರು. ಯಾವ ಗುರುತು (ಡಿಎನ್‌ಎಯಲ್ಲಿ ಒಬ್ಬರಿಂದ ಒಬ್ಬರಿಗೆ ಅಕ್ಷರ ಬದಲಾಗುವ ಜಾಗ) ಮುಖ್ಯ, ಯಾವುದು ಅಲ್ಲ ಎಂದು ಆರಿಸಲು ಹೋಗಬೇಡಿ. ಜೀನೋಮಿನ ಉದ್ದಕ್ಕೂ ಇರುವ ಎಲ್ಲ ಗುರುತುಗಳಿಗೂ ಒಟ್ಟಿಗೇ ತೂಕ ಕಟ್ಟಿ, ಕೂಡಿಸಿ ಎಂಬುದು ಅದರ ಸಾರ. ಅದಕ್ಕೆ ಬೇಕಾದ, ಸಾವಿರಾರು ಗುರುತುಗಳನ್ನು ಒಟ್ಟಿಗೇ ಓದುವ ಚಿಪ್ ಆಗ ಇರಲೇ ಇಲ್ಲ. ಕಂಪ್ಯೂಟರಿನಲ್ಲಿ ಹುಟ್ಟಿಸಿದ ದನಗಳ ಮೇಲೆ ಲೆಕ್ಕ ಮಾಡಿ ತೋರಿಸಿದರು. ಸುಮಾರು 54,000 ಗುರುತುಗಳ ದನದ ಚಿಪ್ ಮಾರುಕಟ್ಟೆಗೆ ಬಂದದ್ದು 2007ರ ಕೊನೆಯಲ್ಲಿ. 2009ರ ಜನವರಿಗೆ ಅಮೆರಿಕದ ಹೋಲ್‌ಸ್ಟೀನ್ ಹೋರಿಗಳಿಗೆ ಜೀನೋಮ್ ಅಂಕ ಅಧಿಕೃತವಾಯಿತು.

ಅದಕ್ಕೆ ಮುಂಚೆ ಹೋರಿಯ ಯೋಗ್ಯತೆ ತಿಳಿಯಲು ಏನು ಮಾಡುತ್ತಿದ್ದರು? ಎಳೆ ಹೋರಿಯ ವೀರ್ಯವನ್ನು ಹತ್ತಾರು ಕೊಟ್ಟಿಗೆಗಳಿಗೆ ಕಳಿಸಬೇಕು. ಒಂಬತ್ತು ತಿಂಗಳಿಗೆ ಕರು. ಆ ಹೆಣ್ಣುಗರು ಕಡಸಾಗಿ, ಬೆದೆಗೆ ಬಂದು, ಗಬ್ಬವಾಗಿ, ಈದು, ಒಂದು ಸೂಲು ಹಾಲು ಕರೆಯುವತನಕ ಕಾಯಬೇಕು. ಅಷ್ಟರಲ್ಲಿ ಹೋರಿಗೆ ಐದಾರು ವರ್ಷ ತುಂಬಿರುತ್ತದೆ. ಈಗ ಕರುವಿನ ಕಿವಿಗೆ ಓಲೆ ಚುಚ್ಚುವಾಗ ಕತ್ತರಿಸಿ ಬರುವ ಕಾಳಿನಷ್ಟು ಚರ್ಮ ಸಾಕು, ಕೆಲವೇ ವಾರಗಳಲ್ಲಿ ಅಂಕ ಕೈಗೆ ಬರುತ್ತದೆ. ಅಪ್ಪ-ಅಮ್ಮನ ದಾಖಲೆ ನೋಡಿ ಹೇಳಿದ ಅಂದಾಜಿನ ನಂಬಿಕೆ ನೂರಕ್ಕೆ ಸುಮಾರು 35 ಇದ್ದದ್ದು ಜೀನೋಮ್ ಅಂಕದಿಂದ 70ರ ಆಸುಪಾಸಿಗೆ ಏರಿತು. ಮುಂದಿನ ಹೋರಿಗೆ ಅಪ್ಪನಾಗುವ ಹೋರಿಯ ವಯಸ್ಸು ಸರಾಸರಿ 7 ವರ್ಷದಿಂದ ಎರಡೂವರೆಗಿಂತ ಕೆಳಗೆ ಇಳಿಯಿತು. ಹೋರಿಯ ಹೆಣ್ಣುಮಕ್ಕಳು ಗಬ್ಬ ನಿಲ್ಲುವ ಗುಣದಲ್ಲಿ ವಂಶದ ಪಾಲು ನೂರಕ್ಕೆ ನಾಲ್ಕು ಮಾತ್ರ, ಮಿಕ್ಕದ್ದೆಲ್ಲ ಮೇವು, ಹವೆ, ಆರೈಕೆ. ದಶಕಗಟ್ಟಲೆ ಇಳಿಮುಖವಾಗಿದ್ದ ಅಂಥ ಗುಣವೂ ಮೇಲೇಳತೊಡಗಿತು.

ಈಗ ಮನುಷ್ಯರ ಕಡೆ ಬನ್ನಿ. ಎತ್ತರದಲ್ಲಿ ವಂಶದ ಪಾಲು ನೂರಕ್ಕೆ ಸುಮಾರು 80 ಎಂದು ಅವಳಿಗಳ ಅಧ್ಯಯನ ಹೇಳುತ್ತಿತ್ತು. ಆದರೆ ಜೀನೋಮ್ ಜಾಲಾಡಿ ಹೆಕ್ಕಿದ ಹತ್ತಾರು ಜಾಗಗಳನ್ನು ಕೂಡಿಸಿದರೆ 5 ಕೂಡ ದಾಟುತ್ತಿರಲಿಲ್ಲ. ಉಳಿದದ್ದು ಎಲ್ಲಿ ಹೋಯಿತೆಂದು ವೈದ್ಯವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾಗ, ದನದ ಲೆಕ್ಕದಲ್ಲೇ ಪಳಗಿದ್ದ ಪೀಟರ್ ವಿಶರ್ ಮತ್ತು ಅವರ ಜೊತೆಗಾರರು 2010ರಲ್ಲಿ ಕೊಟ್ಟಿಗೆಯ ಸಮೀಕರಣವನ್ನೇ ತಂದು ಹಾಕಿದರು. 3,925 ಜನ, 2,94,831 ಗುರುತು, ಎಲ್ಲಕ್ಕೂ ಒಟ್ಟಿಗೇ ತೂಕ. 45 ಬಂತು! ವಂಶದ ಪಾಲು ಕಳೆದೇ ಹೋಗಿರಲಿಲ್ಲ, ಚಿಲ್ಲರೆಯಾಗಿ ಹರಡಿ ಬಿದ್ದಿತ್ತು. 2022ರಲ್ಲಿ 54 ಲಕ್ಷ ಜನರನ್ನು ಸೇರಿಸಿದಾಗ ಎತ್ತರಕ್ಕೆ 12,111 ಗುರುತುಗಳು ಸಿಕ್ಕವು.

ಅಂಕ ಹಾಕುವುದರಲ್ಲಿ ಮಾಯಮಂತ್ರವಿಲ್ಲ. ಒಂದು ಜಾಗದಲ್ಲಿ ಅಪಾಯದ ಅಕ್ಷರ ಅಪ್ಪ-ಅಮ್ಮ ಇಬ್ಬರಿಂದಲೂ ಬಂದಿಲ್ಲದಿದ್ದರೆ 0, ಒಬ್ಬರಿಂದ ಬಂದಿದ್ದರೆ 1, ಇಬ್ಬರಿಂದಲೂ ಬಂದಿದ್ದರೆ 2. ಅದನ್ನು ಆ ಜಾಗದ ತೂಕದಿಂದ ಗುಣಿಸಬೇಕು. ಮೂರು ಜಾಗಗಳ ತೂಕ 0.05, 0.02, −0.03 ಎಂದಿಟ್ಟುಕೊಳ್ಳಿ, ಒಬ್ಬರಲ್ಲಿ ಎಣಿಕೆ 2, 1, 1 ಇದ್ದರೆ ಮೊತ್ತ 0.10 + 0.02 − 0.03, ಅಂದರೆ 0.09. ಮೂರರ ಬದಲು 66 ಲಕ್ಷ ಜಾಗ ಹಾಕಿದರೆ 2018ರಲ್ಲಿ ಅಮಿತ್ ಖೇರಾ ಮತ್ತು ಜೊತೆಗಾರರು ಪ್ರಕಟಿಸಿದ ಹೃದ್ರೋಗದ ಅಂಕವಾಗುತ್ತದೆ. ಮೊತ್ತ ತನ್ನಷ್ಟಕ್ಕೆ ಏನನ್ನೂ ಹೇಳದು. ಅದೇ ಜನರ ಗುಂಪಿನಲ್ಲಿ ಅದು ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಬೇಕು.

ಕೆಡುವುದು ಎಲ್ಲೆಂದರೆ ಕೆಲಸದ ಶಿಸ್ತಿನಲ್ಲಿ. ಡಿಎನ್‌ಎ ಪರೀಕ್ಷೆಗೆ ಜೊಲ್ಲು ಕೊಡುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು; ಟ್ಯೂಬಿನ ಗೆರೆಯತನಕ 2 ಮಿ.ಲೀ. ಜೊಲ್ಲು ಬೇಕು, ನೊರೆ ಲೆಕ್ಕಕ್ಕಿಲ್ಲ. ಚಿಪ್ಪಿನಲ್ಲಿ ಓದಲಾಗದೆ ಉಳಿದ ಗುರುತುಗಳು ಹೆಚ್ಚಾದರೆ ಆ ಸ್ಯಾಂಪಲ್ಲನ್ನು ಮುಲಾಜಿಲ್ಲದೆ ಎಸೆಯಬೇಕು. ಒಂದು ಜಾಗದ ಎರಡು ರೂಪಗಳು ಎ ಮತ್ತು ಟಿ, ಇಲ್ಲವೇ ಜಿ ಮತ್ತು ಸಿ ಆಗಿದ್ದರೆ ಡಿಎನ್‌ಎಯ ಯಾವ ಎಳೆಯಿಂದ ಓದಿದ್ದೆಂದು ತಿಳಿಯುವುದಿಲ್ಲ, ಏಕೆಂದರೆ ಎದುರಿನ ಎಳೆಯಲ್ಲೂ ಅವೇ ಜೋಡಿ. ಅಲ್ಲಿ ಎಡವಿದರೆ ಅಪಾಯದ ಅಕ್ಷರ ರಕ್ಷಣೆಯ ಅಕ್ಷರವಾಗಿ ಕೂತುಬಿಡುತ್ತದೆ. ಜೀನೋಮ್ ನಕ್ಷೆಯ 37ನೇ ಆವೃತ್ತಿಯ ವಿಳಾಸವನ್ನು 38ರಲ್ಲಿ ಹುಡುಕಿದರೆ ಪಕ್ಕದ ಮನೆಯ ಬಾಗಿಲು ತಟ್ಟಿದ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು, ತೂಕ ಕಟ್ಟಲು ಬಳಸಿದ ಜನರ ಮೇಲೆಯೇ ಅಂಕವನ್ನು ಪರೀಕ್ಷಿಸುವುದು. ಪ್ರಶ್ನೆಪತ್ರಿಕೆ ಬಯಲು ಮಾಡಿ ರ‍್ಯಾಂಕ್ ಕೊಟ್ಟಂತೆ. ದನದವರು ಇದನ್ನೆಲ್ಲ ಪೆಟ್ಟು ತಿಂದೇ ಕಲಿತರು. ದಾಖಲೆಯಲ್ಲಿ ಅಪ್ಪ ಎಂದು ಬರೆದಿರುವ ಹೋರಿ ಒಂದು ಜಾಗದಲ್ಲಿ ಎಎ, ಕರು ಜಿಜಿ. ಹಾಗಾಗಲು ಸಾಧ್ಯವಿಲ್ಲ. ಅಂಥವು ನೂರಾರು ಜಾಗಗಳಲ್ಲಿ ಕಂಡರೆ ಯಾರೋ ಬೇರೆ ಹೋರಿಯ ವೀರ್ಯದ ಸ್ಟ್ರಾ ಹಾಕಿದ್ದಾರೆ, ಇಲ್ಲವೇ ಪುಸ್ತಕದಲ್ಲಿ ತಪ್ಪು ಬರೆದಿದ್ದಾರೆ. ಚಿಪ್ ಬಂದ ಮೇಲೆ ಅಂಥವು ರಾಶಿ ರಾಶಿ ಹೊರಬಿದ್ದವು.

ಉಪಯೋಗ ಏನು ಎಂದು ಕೇಳುವವರಿಗೆ ಎರಡು ಸಂಖ್ಯೆ. ಖೇರಾ ಅವರ ಅಂಕದ ಪ್ರಕಾರ ನೂರಕ್ಕೆ 8 ಜನರಿಗೆ ಹೃದ್ರೋಗದ ಅಪಾಯ ಉಳಿದವರಿಗಿಂತ ಮೂರು ಪಟ್ಟು ಅಥವಾ ಇನ್ನೂ ಹೆಚ್ಚು. ಒಂದೇ ಜೀನ್‌ನಿಂದ ಮನೆತನದಲ್ಲಿ ಹರಿದುಬರುವ ಅಧಿಕ ಕೊಲೆಸ್ಟರಾಲ್ ಅಷ್ಟೇ ಅಪಾಯ ತರುತ್ತದೆ, ಆದರೆ ಅದು ಇರುವುದು 250 ಜನರಲ್ಲಿ ಒಬ್ಬರಿಗೆ. ಇನ್ನೊಂದು: ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಹಳೆಯ ಪ್ರಯೋಗವೊಂದರ ದಾಖಲೆಗಳನ್ನು 2017ರಲ್ಲಿ ಮತ್ತೆ ತೆರೆದು ನೋಡಿದಾಗ ಅಂಕ ಹೆಚ್ಚಿದ್ದವರಲ್ಲಿ ಅಪಾಯ ಶೇ 44 ಇಳಿದಿತ್ತು, ಉಳಿದವರಲ್ಲಿ ಶೇ 24. ಎದೆನೋವು ಬರುವ ಮೊದಲೇ, ಮೂವತ್ತರ ವಯಸ್ಸಿನಲ್ಲೇ ಒಂದು ಮಾತ್ರೆ, ಒಂದಿಷ್ಟು ನಡಿಗೆ. ಇದರಲ್ಲಿ ಬೇಡ ಅನ್ನುವಂಥದ್ದು ಏನಿದೆ?

ಇದಕ್ಕೆ ಬರುವ ಆಕ್ಷೇಪವೆಲ್ಲ ಕೊನೆಗೆ ‘ಮನುಷ್ಯ ದನವಲ್ಲ’ ಎಂಬ ಒಂದೇ ಮಾತಿಗೆ ಬಂದು ನಿಲ್ಲುತ್ತದೆ. ಅಲ್ಲ, ಸರಿ. ಆದರೆ ಬಿಳಿರಕ್ತಕಣಗಳು ಸೋಂಕಿನ ಜಾಗ ತಲುಪಲಾರದ ಕಾಯಿಲೆ ಮನುಷ್ಯರ ಕೂಸುಗಳಿಗೂ ಹೋಲ್‌ಸ್ಟೀನ್ ಕರುಗಳಿಗೂ ಬರುವುದು ಸಿಡಿ18 ಎಂಬ ಒಂದೇ ಜೀನ್ ಕೆಟ್ಟು. ಮನುಷ್ಯರಲ್ಲಿ ಗೊತ್ತಿದ್ದುದರಿಂದಲೇ ದನದಲ್ಲಿ 1992ರಲ್ಲಿ ಬೇಗ ಸಿಕ್ಕಿತು. ಇವತ್ತು ನಮ್ಮ ದೇಶದಲ್ಲಿ ವೀರ್ಯ ಕೇಂದ್ರಕ್ಕೆ ಎಚ್‌ಎಫ್ ಹೋರಿ ಸೇರಬೇಕಾದರೆ ಬಿಎಲ್‌ಎಡಿ ಎಂಬ ಆ ಪರೀಕ್ಷೆ ಆಗಿರಲೇಬೇಕು. ಇನ್ವರ್‌ಡೇಲ್ ಕುರಿಯ ಬಿಎಂಪಿ15 ಜೀನ್ ಅಂತೂ ಉಲ್ಟಾ ದಾರಿಯಲ್ಲಿ ಬಂತು. ಒಂದು ಪ್ರತಿ ಕೆಟ್ಟಿದ್ದರೆ ಕುರಿ ಹೆಚ್ಚು ಮರಿ ಹಾಕುತ್ತದೆ, ಎರಡೂ ಕೆಟ್ಟಿದ್ದರೆ ಅಂಡಾಶಯವೇ ಬೆಳೆಯದೆ ಬಂಜೆಯಾಗುತ್ತದೆ. 2000ದಲ್ಲಿ ಕುರಿಯಲ್ಲಿ ಕಂಡದ್ದನ್ನು 2004ರಲ್ಲಿ ಅಂಡಾಶಯ ಕೈಕೊಟ್ಟ ಹೆಣ್ಣುಮಕ್ಕಳಲ್ಲಿ ಹುಡುಕಿದರೆ ಅದೇ ಜೀನ್ ಕೆಟ್ಟಿತ್ತು.

ಇನ್ನು ಯುರೋಪಿನವರ ಮೇಲೆ ಕಟ್ಟಿದ ತೂಕ ನಮಗೆ ಹೊಂದುವುದಿಲ್ಲ ಎಂಬ ಮಾತು. ಹೊಂದದಿದ್ದರೆ ನಮ್ಮ ತೂಕ ನಾವೇ ಕಟ್ಟೋಣ. ಎಚ್‌ಎಫ್ ಲೆಕ್ಕ ಗಿರ್, ಸಾಹಿವಾಲ್‌ಗೆ ಒಗ್ಗದೆಂದು ತಿಳಿದ ಮೇಲೆ ದನದವರು ಸುಮ್ಮನೆ ಕೂತರೇ? 2024ರಲ್ಲಿ ನಮ್ಮ ಹಸುಗಳಿಗೆ ಗೌ ಚಿಪ್, ಎಮ್ಮೆಗಳಿಗೆ ಮಹಿಷ್ ಚಿಪ್ ಬಂದವು. ಮನುಷ್ಯರಿಗೆ ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ 10,000 ಜನರ ಜೀನೋಮ್ ಓದಿ ಮುಗಿಸಿದೆ. 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದದ್ದೂ ಆಯಿತು. ಇದರ ಪಕ್ಕಕ್ಕೆ ಆಸ್ಪತ್ರೆಗಳ ದಾಖಲೆ ಜೋಡಿಸುವ ಕೆಲಸ ಬಾಕಿ.

ವಿರೋಧ: ಹೋರಿ ತಪ್ಪಾದರೆ ಮಾರಬಹುದು

ಲೆಕ್ಕ ಸುಳ್ಳು ಎಂದು ಹೇಳಲಾರೆ. ಸಂಶೋಧನೆಗೆ ಅದು ಬೇಕು ಎಂಬುದರಲ್ಲಿ ನನಗೂ ಜಗಳವಿಲ್ಲ. ನನಗೆ ಕೊಟ್ಟಿರುವುದು ಬೇಡ ಎನ್ನುವ ಪಾಲು. ಅದಕ್ಕೆ ಸಾಕಾಗುವಷ್ಟು ಕಾರಣಗಳಿವೆ.

ಮೊದಲನೆಯದು, ಮೂರು ಪಟ್ಟು ಎಂಬ ಮಾತು. ಸಾವಿರ ಜನರನ್ನು ತೆಗೆದುಕೊಳ್ಳಿ. ಅಂಕ ಹೆಚ್ಚಿರುವವರು 80. ಉಳಿದ 920 ಜನರಲ್ಲಿ ನೂರಕ್ಕೆ 4 ಮಂದಿಗೆ ಹೃದಯಾಘಾತ ಆಗುತ್ತದೆ ಎಂದಿಟ್ಟುಕೊಂಡರೆ 37 ಜನ. 80ರಲ್ಲಿ ಮೂರು ಪಟ್ಟು, ಅಂದರೆ ನೂರಕ್ಕೆ 12ರ ಲೆಕ್ಕದಲ್ಲಿ 10 ಜನ. ಒಟ್ಟು 47 ಹೃದಯಾಘಾತಗಳಲ್ಲಿ 37 ಆದದ್ದು ‘ನಿಮ್ಮ ಅಂಕ ಪರವಾಗಿಲ್ಲ’ ಎಂದು ಹೇಳಿಸಿಕೊಂಡು ಮನೆಗೆ ಹೋದವರಿಗೆ. ಹೆದರಿಸಿ ಕಳಿಸಿದ 80ರಲ್ಲಿ 70 ಜನರಿಗೆ ಏನೂ ಆಗಲಿಲ್ಲ. ಹೋರಿ ಆರಿಸುವವನಿಗೆ ಇದು ತೊಂದರೆಯಲ್ಲ. ನೂರು ಎಳೆ ಹೋರಿಗಳಲ್ಲಿ ಹತ್ತನ್ನು ಆರಿಸಿ, ಹತ್ತರಲ್ಲಿ ಮೂರು ಹುಸಿಯಾದರೂ ಉಳಿದ ಏಳರ ಸರಾಸರಿಯಲ್ಲಿ ಲಾಭ ಬಂದೇ ಬರುತ್ತದೆ, ಹುಸಿಯಾದದ್ದನ್ನು ಮಾರುತ್ತಾನೆ. ವೈದ್ಯರ ಮುಂದೆ ಕೂತವರು ಸರಾಸರಿಯಲ್ಲ, ಒಬ್ಬರೇ.

ಎರಡನೆಯದಾಗಿ, ಲೆಕ್ಕ ದನದಲ್ಲಿ ಯಾಕೆ ಅಷ್ಟು ಚೆನ್ನಾಗಿ ಕೂರುತ್ತದೆ ಎಂಬುದನ್ನು ಪರವಾದಿಗಳು ಬಾಯಿಬಿಟ್ಟು ಹೇಳುವುದಿಲ್ಲ. ಜಗತ್ತಿನ ಹೋಲ್‌ಸ್ಟೀನ್ ದನಗಳು ಕೋಟಿಗಟ್ಟಲೆ ಇದ್ದರೂ ಅವುಗಳ ವಂಶವೈವಿಧ್ಯ ನೂರೇ ನೂರು ದನಗಳ ಮಂದೆಗೆ ಸಮ. ಎಲ್ಲವೂ ಒಂದೇ ಮನೆಯವು. ಡಿಎನ್‌ಎಯ ಉದ್ದುದ್ದ ತುಂಡುಗಳು ಹಾಗೇ ಅಖಂಡವಾಗಿ ಬಂದಿರುವುದರಿಂದ 54,000 ಗುರುತು ಸಾಕಾಗುತ್ತದೆ. ಮನುಷ್ಯರಲ್ಲಿ ಆ ನೂರರ ಜಾಗದಲ್ಲಿ ಸುಮಾರು ಹತ್ತು ಸಾವಿರ; ತುಂಡುಗಳು ಚೂರುಚೂರು, ಒಂದು ಜನಾಂಗದಲ್ಲಿ ಗುರುತಿನ ಪಕ್ಕ ಇದ್ದ ಜೀನ್ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಜೊತೆಗೆ ದನದ ಲೆಕ್ಕದಲ್ಲಿ ಒಂದೇ ಕೊಟ್ಟಿಗೆ, ಒಂದೇ ವರ್ಷ, ಒಂದೇ ಕಾಲದಲ್ಲಿ ಈದ ಹಸುಗಳನ್ನು ತಮ್ಮತಮ್ಮಲ್ಲೇ ಹೋಲಿಸುತ್ತಾರೆ. ಮೇವಿನ ವ್ಯತ್ಯಾಸ ಅಲ್ಲೇ ಕಳೆದುಹೋಗುತ್ತದೆ. ಮನುಷ್ಯರಿಗೆ ಅಂಥ ಕೊಟ್ಟಿಗೆ ಎಲ್ಲಿದೆ? 2019ರಲ್ಲಿ ಬಂದ ಲೆಕ್ಕದ ಪ್ರಕಾರ ಇಂಥ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ 79 ಯುರೋಪಿನ ಮೂಲದವರು. ಅಂಕದ ನಿಖರತೆ ಯುರೋಪಿನವರಲ್ಲಿ ಇರುವುದು ನಮ್ಮಂಥ ದಕ್ಷಿಣ ಏಷ್ಯಾದವರಿಗಿಂತ 1.6 ಪಟ್ಟು, ಆಫ್ರಿಕಾ ಮೂಲದವರಿಗಿಂತ 4.5 ಪಟ್ಟು ಹೆಚ್ಚು. ಜೀನೋಮ್ ಇಂಡಿಯಾದ 10,000 ಜನ ಆರೋಗ್ಯವಂತರು; ತೂಕ ಕಟ್ಟಲು ರೋಗಿಗಳು ಬೇಕು, ಅದೂ ಲಕ್ಷಗಟ್ಟಲೆ. ದಾಖಲೆ ಇಲ್ಲದ ಚಿಪ್ ಅಂದರೆ ಕಲ್ಲಿಲ್ಲದ ತಕ್ಕಡಿ.

ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ಹೇಳುವುದೇನಿದೆ. ಊರಿಗೆಲ್ಲ ಮೂವತ್ತನೇ ವಯಸ್ಸಿಗೇ ಮಾತ್ರೆ ನುಂಗಿಸಿದರೆ ಮಾತ್ರೆ ಮಾಡುವವರಿಗೆ ಸಂತೋಷ.

ಮೂರನೆಯ ಕಾರಣಕ್ಕೆ ಒಂದು ಹೋರಿಯ ಕಥೆ ಹೇಳಬೇಕು. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅದರ ಹೆಸರು ಪಾನೀ ಫಾರ್ಮ್ ಅರ್ಲಿಂಡಾ ಚೀಫ್. ಹಾಲಿನ ವಿಷಯದಲ್ಲಿ ಅಂಥ ಹೋರಿ ಅದುವರೆಗೆ ಬಂದಿರಲಿಲ್ಲ. ಹೆಣ್ಣುಮಕ್ಕಳು 16,000, ಮೊಮ್ಮಕ್ಕಳು ಐದು ಲಕ್ಷ, ಮರಿಮಕ್ಕಳು ಇಪ್ಪತ್ತು ಲಕ್ಷ. ಅದರ ಗಂಡುಮಕ್ಕಳೂ ಹೆಸರಾಂತ ಹೋರಿಗಳಾದವು. ಇವತ್ತಿನ ಹೋಲ್‌ಸ್ಟೀನ್ ಜೀನೋಮಿನಲ್ಲಿ ನೂರಕ್ಕೆ ಸುಮಾರು 14 ಪಾಲು ಚೀಫ್‌ನಿಂದ ಬಂದದ್ದು. ಒಂದೇ ಒಂದು ಹೋರಿಯಿಂದ!

ಕಾಲು ಮಿ.ಲೀ. ಸ್ಟ್ರಾದಲ್ಲಿ ಎರಡು ಕೋಟಿ ವೀರ್ಯಾಣು, ಮೈನಸ್ 196 ಡಿಗ್ರಿ ದ್ರವ ಸಾರಜನಕದಲ್ಲಿ ಇಟ್ಟರೆ ಹೋರಿ ಸತ್ತ ಮೇಲೂ ಅದರ ಸಂತಾನ ಹುಟ್ಟುತ್ತಲೇ ಇರುತ್ತದೆ. ಹೀಗೆ ಹಬ್ಬಿದ ಚೀಫ್‌ನ ಡಿಎನ್‌ಎಯಲ್ಲಿ 5ನೇ ಕ್ರೋಮೋಸೋಮಿನ ಎಪಿಎಎಫ್1 ಜೀನ್‌ನ ಒಂದು ಪ್ರತಿ ಅರ್ಧಕ್ಕೇ ತುಂಡಾಗಿತ್ತು. ಒಂದು ಪ್ರತಿ ಕೆಟ್ಟಿದ್ದರೆ ಹಸುವಿಗೆ ಏನೂ ಆಗುವುದಿಲ್ಲ. ಚೀಫ್‌ನ ವಂಶದ ಹೋರಿಯ ವೀರ್ಯ ಚೀಫ್‌ನ ವಂಶದ ಹಸುವಿಗೇ ಬಿದ್ದು, ಇಬ್ಬರಲ್ಲೂ ಆ ಕೆಟ್ಟ ಪ್ರತಿ ಇದ್ದರೆ ನಾಲ್ಕರಲ್ಲೊಂದು ಭ್ರೂಣ ಹೊಟ್ಟೆಯಲ್ಲೇ ಸಾಯುತ್ತದೆ. ರೈತನಿಗೆ ಕಾಣುವುದೇನು? ಹಸು ನಿಂತಿತ್ತು ಅಂದುಕೊಂಡಿದ್ದ, ಮತ್ತೆ ಬೆದೆಗೆ ಬಂತು. ಎ.ಐ. (ಕೃತಕ ಗರ್ಭಧಾರಣೆ) ಮಾಡಿದವನನ್ನು ಬೈದ, ಮೇವನ್ನು ಬೈದ, ಇನ್ನೊಂದು ಸ್ಟ್ರಾ ಹಾಕಿಸಿದ. ಹೋರಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಹೀಗೆ 35 ವರ್ಷಗಳಲ್ಲಿ ಜಗತ್ತಿನಾದ್ಯಂತ ಕಳೆದುಹೋದ ಗಬ್ಬಗಳು ಸುಮಾರು 5,25,000 ಎಂದು ಅಂದಾಜು. ನಷ್ಟ 42 ಕೋಟಿ ಡಾಲರ್. ಅದೇ ಹೋರಿಯಿಂದ ಹಾಲಿನಲ್ಲಿ ಬಂದ ಲಾಭ 3,000 ಕೋಟಿ ಡಾಲರ್ ಎಂಬ ಅಂದಾಜೂ ಇದೆ. ಆದ್ದರಿಂದ ದನದ ಲೋಕದಲ್ಲಿ ಚೀಫ್ ಇವತ್ತಿಗೂ ನಾಯಕನೇ.

ಅದು ಗೊತ್ತಾದ ಬಗೆಯೂ ವಿಚಿತ್ರ. 2011ರಲ್ಲಿ ಅಮೆರಿಕದ ಲೆಕ್ಕಿಗರು ಚಿಪ್ ಹಾಕಿದ ಸಾವಿರಾರು ದನಗಳ ದಾಖಲೆ ಜಾಲಾಡುತ್ತ, ಡಿಎನ್‌ಎಯ ಯಾವ ತುಂಡು ಜೋಡಿಯಾಗಿ ಒಂದು ದನದಲ್ಲೂ ಕಾಣುವುದಿಲ್ಲ ಎಂದು ಹುಡುಕಿದರು. ಎಷ್ಟೋ ದನಗಳಲ್ಲಿ ಬಿಡಿಯಾಗಿದ್ದ ತುಂಡು ಕೆಲವದರಲ್ಲಿ ಜೋಡಿಯಾಗಿ ಬರಲೇಬೇಕಿತ್ತು, ಒಂದರಲ್ಲೂ ಬಂದಿರಲಿಲ್ಲ. ಬದುಕಿರುವ ದನಗಳನ್ನು ಎಣಿಸಿ, ಹುಟ್ಟದೇ ಹೋದವನ್ನು ಪತ್ತೆ ಹಚ್ಚಿದ್ದು ಹೀಗೆ. ಸಿಕ್ಕ ತುಂಡಿಗೆ ಎಚ್‌ಎಚ್1 ಎಂದು ಹೆಸರಿಟ್ಟರು, ಆಮೇಲೆ ಅದರೊಳಗಿನ ಜೀನ್ ಸಿಕ್ಕಿತು. ಚಿಪ್ಪೇ ಹಿಡಿದುಕೊಟ್ಟಿತಲ್ಲ, ಇದು ಪರವಾದಿಗಳಿಗೇ ಬಲ ಎನ್ನಬಹುದು. ಇರಲಿ. ಅಂಕ ಕಟ್ಟುವಾಗ ಹಾಲನ್ನು ಅಳೆದರೆ ಹಾಲು ಕಾಣುತ್ತದೆ, ಅಳೆಯದ್ದು ಕಾಣುವುದಿಲ್ಲ ಎನ್ನುವುದಕ್ಕೆ ಚೀಫ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೆಲ್ಜಿಯನ್ ಬ್ಲೂ ದನಗಳಲ್ಲೂ ಇದೇ ಹಾಡು. ಮಯೋಸ್ಟ್ಯಾಟಿನ್ ಜೀನ್‌ನಲ್ಲಿ 11 ಅಕ್ಷರ ಕಳೆದುಹೋಗಿ ಮಾಂಸಖಂಡ ದುಪ್ಪಟ್ಟಾಯಿತು. ಅದನ್ನೇ ಆರಿಸಿ ಆರಿಸಿ ಕೊನೆಗೆ ನೂರರಲ್ಲಿ 90ಕ್ಕೂ ಹೆಚ್ಚು ಕರುಗಳನ್ನು ಹೊಟ್ಟೆ ಕೊಯ್ದು ತೆಗೆಯುವಂತಾಯಿತು.

ಮನುಷ್ಯರ ಭ್ರೂಣಗಳನ್ನೂ ಅಂಕ ನೋಡಿ ಆರಿಸಿಕೊಡುತ್ತೇವೆ ಎನ್ನುವ ಕಂಪನಿಗಳು ಅಮೆರಿಕದಲ್ಲಿ ಈಗಾಗಲೇ ಇವೆ. ಹತ್ತು ಭ್ರೂಣಗಳಲ್ಲಿ ಎತ್ತರದ ಅಂಕ ಹೆಚ್ಚಿರುವುದನ್ನು ಆರಿಸಿದರೆ ಸಿಗುವ ಲಾಭ ಸರಾಸರಿ ಎರಡೂವರೆ ಸೆಂಟಿಮೀಟರ್. ಅಳೆಯದೆ ಬಿಟ್ಟದ್ದು ಏನೇನು ಎಂಬುದಕ್ಕೆ ಅಲ್ಲಿ ಚೀಫ್‌ನ ಹಾಗೆ ಐವತ್ತು ವರ್ಷ ಕಾಯಲಾಗದು.

ಹಾಗಾದರೆ ಆಸ್ಪತ್ರೆಗೆ ಏನೂ ಬೇಡವೇ ಅಂದರೆ, ಚಿಲ್ಲರೆ ಎಣಿಸುವ ಮುಂಚೆ ಕಣ್ಣೆದುರಿಗಿರುವ ನೋಟುಗಳನ್ನು ಎತ್ತಿಕೊಳ್ಳಬಹುದು. ಹೃದಯದ ಸ್ನಾಯುವಿನ ಎಂವೈಬಿಪಿಸಿ3 ಜೀನ್‌ನಲ್ಲಿ 25 ಅಕ್ಷರ ಕಳೆದುಕೊಂಡ ರೂಪ ನಮ್ಮ ಉಪಖಂಡದಲ್ಲಿ ನೂರರಲ್ಲಿ ಸುಮಾರು ನಾಲ್ಕು ಜನರಲ್ಲಿದೆ. ಆಂಧ್ರ, ತೆಲಂಗಾಣ, ಕರ್ನಾಟಕಗಳ ವೈಶ್ಯ ಸಮುದಾಯದಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಯವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಅಂಥವರಿಗೆ ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಹತ್ತು ನಿಮಿಷದೊಳಗೆ ಇಳಿಯಬೇಕಾದ ಔಷಧ ಗಂಟೆಗಟ್ಟಲೆ ಇಳಿಯದೆ ವೆಂಟಿಲೇಟರ್ ಮೇಲೆ ಇಡಬೇಕಾಗುತ್ತದೆ. ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಿದ್ದರೆ ಅರಿವಳಿಕೆ ತಜ್ಞರು ಅದರ ಬದಲು ರೊಕ್ಯುರೋನಿಯಂ ಹಾಕುತ್ತಾರೆ, ಅಷ್ಟೇ.